ಆಗುಂಬೆ ಘಾಟಿಯೂ ರೇಡಿಯೇಟರ್ ಮುಚ್ಚಳವೂ

ಕರಾವಳಿಯಿಂದ ಮಲೆನಾಡಿಗೆ ಹತ್ತುವ ದಾರಿಗಳು ಒಂದೆರಡಲ್ಲ. ಶಿರಾಡಿ, ಚಾರ್ಮಾಡಿ, ಬಿಸಿಲೆ, ಸಂಪಾಜೆ, ಹುಲಿಕಲ್. ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ಸೊಗಸು. ಅವುಗಳಲ್ಲಿ ತೀರ ಕಡಿದಾದ ದಾರಿ ಎಂದು ಹೆಸರಾದದ್ದು ಆಗುಂಬೆ ಘಾಟಿ. ಉಡುಪಿಯಿಂದ ಹೊರಟು ಹೆಬ್ರಿ ದಾಟಿ ಸೋಮೇಶ್ವರ ಮುಟ್ಟುವವರೆಗೆ ದಾರಿ ಸಲೀಸು. ತೆಂಗು, ಕಂಗು, ಗದ್ದೆ, ನಡುವೆ ಹೆಂಚಿನ ಮನೆಗಳು. ಸೋಮೇಶ್ವರ ಕಳೆಯಿತೋ ಇಲ್ಲವೋ, ಕಾಡು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಾಗುತ್ತದೆ. ಎದುರಿಗೆ ಗೋಡೆ ಎಬ್ಬಿಸಿದಂತೆ ಘಟ್ಟ. ಆ ಗೋಡೆಯನ್ನು ರಸ್ತೆ 14 ಹೇರ್‌ಪಿನ್ ತಿರುವುಗಳಲ್ಲಿ ಹತ್ತಿಬಿಡುತ್ತದೆ.

ಮೇಲೆ ಆಗುಂಬೆ. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದ ಪುಟ್ಟ ಊರು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಚಿತ್ರಿಸಿದ್ದು ಇಲ್ಲಿಯೇ. ಕಾಳಿಂಗ ಸರ್ಪದ ನಾಡು ಎಂದು ಹೆಸರು ಬೇರೆ. ಮೋಡವಿಲ್ಲದ ಸಂಜೆ ಘಾಟಿಯ ತುದಿಯಲ್ಲಿ ನಿಂತರೆ ಸೂರ್ಯ ಅರಬ್ಬೀ ಸಮುದ್ರಕ್ಕೆ ಇಳಿಯುವುದು ಕಾಣುತ್ತದೆ. ಶಾಲಾ ಕಾಲೇಜುಗಳ ಪ್ರವಾಸವೆಂದರೆ ಶೃಂಗೇರಿ, ಆಗುಂಬೆ, ಉಡುಪಿ ಎಂದು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮಲ್ಲಿ ರೂಢಿ. ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುವ ತಂದೆ ತಾಯಿಯರೂ ಇದೇ ದಾರಿ ಹಿಡಿಯುತ್ತಾರೆ.

ಪ್ರವಾಸದ ಪುಸ್ತಕಗಳು ಹೇಳದ ನೋಟವೊಂದು ಏಪ್ರಿಲ್, ಮೇ ತಿಂಗಳಲ್ಲಿ ಈ ಘಾಟಿಯಲ್ಲಿ ಕಾಣಸಿಗುತ್ತದೆ. ತಿರುವಿನ ಅಂಚಿನಲ್ಲಿ, ರಸ್ತೆ ಕೊಂಚ ಅಗಲವಾದ ಕಡೆ, ಬಾನೆಟ್ ಎತ್ತಿಕೊಂಡು ನಿಂತ ಕಾರು. ಅದರ ಬಾಯಿಂದ ಹಬೆ. ಸುತ್ತ ಕೈಕಟ್ಟಿ ನಿಂತ ಕುಟುಂಬ. ಈ ನೋಟದ ಹಿಂದೆ ಒಂದು ಪಾಠವಿದೆ. ಒಂದು ಅಪಾಯವೂ ಇದೆ. ಎರಡೂ ಅಡಗಿರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಮುಚ್ಚಳದಲ್ಲಿ.

ಘಟ್ಟ ಹತ್ತುವ ಲೆಕ್ಕ

ವಿಜ್ಞಾನ ಓದುವ ಮಕ್ಕಳು ಒಂದು ಲೆಕ್ಕ ಮಾಡಿ ನೋಡಬಹುದು. ಜನ, ಸಾಮಾನು ಎಲ್ಲ ಸೇರಿ ಕಾರಿನ ತೂಕ 1,200 ಕಿಲೋ ಎನ್ನಿ. ಘಾಟಿಯ ಬುಡದಿಂದ ತುದಿಗೆ 500 ಮೀಟರ್ ಏರಬೇಕು ಎನ್ನಿ. ಏರಿಸಲು ಬೇಕಾದ ಕೆಲಸ 1,200 x 9.8 x 500, ಅಂದರೆ ಸುಮಾರು 59 ಲಕ್ಷ ಜೂಲ್.

ಪೆಟ್ರೋಲಿನ ಶಕ್ತಿಯೆಲ್ಲ ಚಕ್ರಕ್ಕೆ ಹೋಗುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಕೆಲಸಕ್ಕೆ ಒದಗುತ್ತದೆ; ಇನ್ನೊಂದು ಪಾಲು ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ; ಮತ್ತೊಂದು ಪಾಲು ಎಂಜಿನ್ನಿನ ಸುತ್ತ ಹರಿಯುವ ನೀರಿಗೆ ಶಾಖವಾಗಿ ಸೇರುತ್ತದೆ. ಅಂದರೆ ಕಾರನ್ನು ಮೇಲೆತ್ತಲು ಎಷ್ಟು ಶಕ್ತಿ ಬೇಕೋ ಹೆಚ್ಚುಕಡಿಮೆ ಅಷ್ಟೇ ಶಾಖ ಆ ನೀರಿನ ಪಾಲಿಗೆ. 59 ಲಕ್ಷ ಜೂಲ್ ಶಾಖ 27 ಡಿಗ್ರಿಯ ಸುಮಾರು 19 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಚಿಕ್ಕ ಕಾರೊಂದರಲ್ಲಿ ಇರುವುದು ನಾಲ್ಕೈದು ಲೀಟರ್ ಮಾತ್ರ. ಹತ್ತು ಹನ್ನೆರಡು ಕಿಲೋಮೀಟರಿನ ದಾರಿಯಲ್ಲಿ, ಅರ್ಧ ಗಂಟೆಯೊಳಗೆ, ಆ ನೀರು ನಾಲ್ಕು ಸಲ ಕುದಿದೇಳಬಹುದಾದಷ್ಟು ಶಾಖವನ್ನು ಹೊತ್ತು ಹೊರಹಾಕಬೇಕು.

ಹೊರಹಾಕುವ ಕೆಲಸ ರೇಡಿಯೇಟರಿನದು. ಕಾರಿನ ಮೂತಿಯ ಹಿಂದೆ ಇರುವ ಸಣ್ಣ ಸಣ್ಣ ಕೊಳವೆಗಳ ಜಾಲರಿ ಅದು. ಎಂಜಿನ್ನಿನಿಂದ ಬಿಸಿನೀರು ಅಲ್ಲಿಗೆ ಬಂದು, ಗಾಳಿಗೆ ಮೈಯೊಡ್ಡಿ, ತಣಿದು ಮರಳುತ್ತದೆ. ಬಯಲಿನಲ್ಲಿ 80 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಗಾಳಿಗೆ ಬರವಿಲ್ಲ. ಘಾಟಿಯಲ್ಲಿ ಹಾಗಲ್ಲ. ಮೊದಲ ಗೇರು, ಎರಡನೆಯ ಗೇರು. ವೇಗ 15, 20. ಎಂಜಿನ್ ಏದುಸಿರು ಬಿಡುತ್ತಿದೆ, ಗಾಳಿ ಮಾತ್ರ ಇಲ್ಲ. ಫ್ಯಾನಿನ ಗಾಳಿಯೊಂದೇ ಆಸರೆ. ಎದುರಿನಿಂದ ಬರುವ ಬಸ್ಸಿಗೆ ದಾರಿ ಬಿಡಲು ನಿಂತು ನಿಂತು ಹತ್ತಿದರಂತೂ ಕೇಳುವುದೇ ಬೇಡ.

"ಕೈ ತೆಗೀರಿ ಮಾರಾಯ್ರೆ"

ಹೋದ ಬೇಸಿಗೆಯಲ್ಲಿ ಈ ದಾರಿಯಲ್ಲಿ ಬಾಡಿಗೆ ವ್ಯಾನಿನಲ್ಲಿ ಹತ್ತುತ್ತಿದ್ದಾಗ ಅಂಥದೇ ಒಂದು ಕಾರು ಎದುರಾಯಿತು. ಬಾನೆಟ್ ಎತ್ತಿದ್ದರು. ಹಬೆ ನಿಂತಿತ್ತು. ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಕರವಸ್ತ್ರವನ್ನು ಕೈಗೆ ಸುತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕುವುದರಲ್ಲಿದ್ದರು. ಕಾಲೇಜಿಗೆ ಹೋಗುವ ವಯಸ್ಸಿನ ಮಗ ನೀರಿನ ಬಾಟಲಿ ಹಿಡಿದು ಬಗ್ಗಿ ನೋಡುತ್ತಿದ್ದ. ನಮ್ಮ ಚಾಲಕ ವ್ಯಾನನ್ನು ನಿಲ್ಲಿಸಿದವನೇ ಕಿಟಕಿಯಿಂದಲೇ ಕೂಗಿದ.

"ಸಾರ್, ಕೈ ತೆಗೀರಿ ಮಾರಾಯ್ರೆ! ಈಗ ತೆಗೆದ್ರೆ ಮುಖಕ್ಕೇ ಹಾರ್ತದೆ."

"ಹಬೆ ನಿಂತಿದೆಯಲ್ಲಪ್ಪ, ನೀರು ಹಾಕೋಣ ಅಂತ" ಎಂದರು ಅವರು.

"ಹೊರಗೆ ನಿಂತದ್ದು ಸಾರ್. ಒಳಗೆ ಉಂಟು. ಅರ್ಧ ಗಂಟೆ ಕೂತ್ಕೊಳ್ಳಿ, ಮತ್ತೆ ಹಾಕುವ."

ಅವರು ಕೈ ತೆಗೆದರು. ಮಗನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಹಬೆ ಇಲ್ಲ ಅಂದ್ರೆ ಕುದೀತಾ ಇಲ್ಲ ಅಂತ ತಾನೇ? ಕುದಿಯದ ನೀರು ಹೇಗೆ ಹಾರುತ್ತೆ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಆ ಮುಚ್ಚಳದ ಹೊಟ್ಟೆಯಲ್ಲಿದೆ.

ಮುಚ್ಚಳವಲ್ಲ, ಕಾವಲುಗಾರ

ಮೊದಮೊದಲ ಕಾರುಗಳಲ್ಲಿ ಇದು ಬರೀ ಮುಚ್ಚಳವೇ ಆಗಿತ್ತು, ಕೊಡದ ಮೇಲಿನ ತಟ್ಟೆಯ ಹಾಗೆ. ನೀರು ಕುದಿದರೆ ಹಬೆ ಹೊರಗೆ ಹೋಗುತ್ತಿತ್ತು. ಚಾಲಕ ಮತ್ತೆ ನೀರು ತುಂಬಿಸುತ್ತಿದ್ದ. ಆ ಕಾಲದಲ್ಲಿ ಮುಚ್ಚಳಕ್ಕೆ ಅಲಂಕಾರದ ಕೆಲಸವೂ ಇತ್ತು. ರೋಲ್ಸ್‌ರಾಯ್ಸ್ ಕಾರಿನ ಮೂತಿಯ ಮೇಲೆ ರೆಕ್ಕೆ ಚಾಚಿದಂತೆ ಬಾಗಿ ನಿಂತ ಹೆಣ್ಣಿನ ಬೊಂಬೆಯನ್ನು ಚಿತ್ರದಲ್ಲಿ ನೋಡಿರುತ್ತೀರಿ. 1911ರಲ್ಲಿ ಬಂದ ಆ ಬೊಂಬೆ ನಿಂತದ್ದು ರೇಡಿಯೇಟರ್ ಮುಚ್ಚಳದ ಮೇಲೆಯೇ. ಅದೇ ಕಾಲದಲ್ಲಿ ಕೆಲವರು ಮುಚ್ಚಳಕ್ಕೆ ಉಷ್ಣಮಾಪಕವನ್ನೇ ಜೋಡಿಸಿ, ಚಾಲಕ ಕುಳಿತಲ್ಲಿಂದಲೇ ಬಿಸಿ ನೋಡುವಂತೆ ಮಾಡಿದ್ದೂ ಉಂಟು.

ಮುಂದೆ ಎಂಜಿನಿಯರುಗಳು ಮುಚ್ಚಳಕ್ಕೆ ಒಂದು ಸ್ಪ್ರಿಂಗ್ ಸೇರಿಸಿದರು. ಇಂದಿನ ಮುಚ್ಚಳವನ್ನು, ತಣ್ಣಗಿರುವಾಗ, ತೆಗೆದು ಮಗುಚಿ ನೋಡಿ. ಸ್ಪ್ರಿಂಗ್ ಒತ್ತಿ ಹಿಡಿದ ಒಂದು ತಟ್ಟೆ, ಅದರ ಕೆಳಗೆ ರಬ್ಬರ್ ವಾಷರ್. ತಟ್ಟೆಯ ನಡುವೆ ಬೆರಳ ತುದಿಯಷ್ಟು ಇನ್ನೊಂದು ಪುಟ್ಟ ಕವಾಟ. ಇವೆರಡರ ಕೆಲಸ ಬೇರೆ ಬೇರೆ.

ನೀರು ಕಾದಂತೆ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದ್ದರಿಂದ ಒಳಗೆ ಒತ್ತಡ ಏರುತ್ತದೆ. ಸ್ಪ್ರಿಂಗಿನ ಬಲವನ್ನು ಮೀರುವವರೆಗೆ ದೊಡ್ಡ ತಟ್ಟೆ ಬಾಯಿ ಬಿಡುವುದಿಲ್ಲ. ಮೀರಿದಾಗ ತುಸು ಮೇಲೆದ್ದು, ಹೆಚ್ಚಾದ ನೀರನ್ನು ಸಣ್ಣ ಕೊಳವೆಯ ಮೂಲಕ ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಬಿಡುತ್ತದೆ. ಎಂಜಿನ್ ತಣಿದಾಗ ನೀರು ಕುಗ್ಗಿ, ಒಳಗೆ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಆಗ ಪುಟ್ಟ ಕವಾಟ ಒಳಮುಖವಾಗಿ ತೆರೆದು ಬಾಟಲಿಗೆ ಹೋದ ನೀರನ್ನು ವಾಪಸು ಎಳೆದುಕೊಳ್ಳುತ್ತದೆ. ಹೋದದ್ದು ಬರುತ್ತದೆ, ಲೆಕ್ಕ ಸರಿಹೋಗುತ್ತದೆ. ಪುಟ್ಟ ಕವಾಟ ಕೆಟ್ಟರೆ, ಬೆಳಿಗ್ಗೆ ನೋಡುವಾಗ ರೇಡಿಯೇಟರಿನ ರಬ್ಬರ್ ಕೊಳವೆ ಒಳಕ್ಕೆ ಹೀರಿದಂತೆ ಚಪ್ಪಟೆಯಾಗಿರುವುದುಂಟು.

ಮುಚ್ಚಳದ ನೆತ್ತಿಯ ಮೇಲೆ 0.9 ಎಂದೋ 1.1 ಎಂದೋ, ಕೆಲವದರಲ್ಲಿ 13 ಎಂದೋ ಅಚ್ಚೊತ್ತಿರುತ್ತದೆ. ಮೊದಲೆರಡು ಬಾರ್ ಲೆಕ್ಕ, ಮೂರನೆಯದು ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಲೆಕ್ಕ. 13 ಪೌಂಡ್ ಅಂದರೆ ಸುಮಾರು 0.9 ಬಾರ್. ನಮ್ಮ ಸುತ್ತಲಿನ ವಾಯುಭಾರಕ್ಕಿಂತ ಅಷ್ಟು ಹೆಚ್ಚಿನ ಒತ್ತಡವನ್ನು ಈ ಮುಚ್ಚಳ ತಡೆದು ನಿಲ್ಲಿಸುತ್ತದೆ ಎಂದು ಅರ್ಥ.

ಅಡುಗೆಮನೆಯ ನೆಂಟ

ಒತ್ತಡವನ್ನು ತಡೆದು ಏನು ಪ್ರಯೋಜನ? ಇದಕ್ಕೆ ಉತ್ತರ ಪ್ರತಿ ಮನೆಯ ಅಡುಗೆಮನೆಯಲ್ಲಿಯೂ ಇದೆ. ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದು ಏಕೆ? ಹಬೆಯನ್ನು ತಡೆದಿಟ್ಟಾಗ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಸುಮಾರು 120 ಡಿಗ್ರಿಯವರೆಗೆ ನೀರಾಗಿಯೇ ಕಾಯುತ್ತದೆ. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲಿ ಇಂಥ ಪಾತ್ರೆಯನ್ನು ಮಾಡಿ ತೋರಿಸಿದ. ಅದು ಸಿಡಿಯದಿರಲಿ ಎಂದು ಅದಕ್ಕೆ ರಕ್ಷಣಾ ಕವಾಟವನ್ನೂ ಜೋಡಿಸಿದ.

ಕುಕ್ಕರಿನ ಒತ್ತಡ ಸುಮಾರು 15 ಪೌಂಡ್. ಕಾರಿನ ಮುಚ್ಚಳದ್ದು 13ರಿಂದ 16. ಅಲ್ಲಿ ತೂಕದ ಗುಂಡು, ಇಲ್ಲಿ ಸ್ಪ್ರಿಂಗ್. ಅಲ್ಲಿ ಕೂಗು, ಇಲ್ಲಿ ಬಾಟಲಿಗೆ ಹರಿವು. ಅಷ್ಟೇ ವ್ಯತ್ಯಾಸ. 0.9 ಬಾರ್ ಮುಚ್ಚಳವಿದ್ದರೆ ಸಮುದ್ರಮಟ್ಟದಲ್ಲಿ ರೇಡಿಯೇಟರಿನ ಬರೀ ನೀರು ಕುದಿಯುವುದು 118, 119 ಡಿಗ್ರಿಯಲ್ಲಿ.

ಇದರಿಂದ ಎರಡು ಲಾಭ. ಒಂದು, ಎಂಜಿನ್ನಿನೊಳಗೆ ಹಬೆಯ ಗುಳ್ಳೆಗಳು ಏಳುವುದಿಲ್ಲ. ಹಬೆ ನೀರಿನಷ್ಟು ಚೆನ್ನಾಗಿ ಶಾಖ ಹೊರುವುದಿಲ್ಲ. ಗುಳ್ಳೆ ಕೂತ ಕಡೆ ಲೋಹ ವಿಪರೀತ ಕಾದು ಬಾಗುತ್ತದೆ. ಇನ್ನೊಂದು, ಬಿಸಿ ಹೆಚ್ಚಿದಷ್ಟೂ ಗಾಳಿಗೆ ಶಾಖ ಬೇಗ ಹೋಗುತ್ತದೆ. ಹೊರಗೆ 30 ಡಿಗ್ರಿ ಇದ್ದು ನೀರು 100 ಡಿಗ್ರಿ ಇದ್ದರೆ ಅಂತರ 70. ನೀರು 115 ಆದರೆ ಅಂತರ 85. ಅದೇ ರೇಡಿಯೇಟರ್ ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚು ಶಾಖವನ್ನು ಹೊರಹಾಕುತ್ತದೆ. ಘಾಟಿಯ ಹತ್ತನೆಯ ತಿರುವಿನಲ್ಲಿ ಆ ಒಂದು ಪಾಲೇ ಕಾರನ್ನು ಉಳಿಸುತ್ತದೆ.

ತೆರೆದರೆ ಏನಾಗುತ್ತದೆ?

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ರೇಡಿಯೇಟರಿನೊಳಗೆ 115 ಡಿಗ್ರಿಯ ನೀರಿದೆ. ಕುದಿಯುತ್ತಿಲ್ಲ. ಕುದಿಯದಂತೆ ಹಿಡಿದಿಟ್ಟಿರುವುದು ಒತ್ತಡ. ಒತ್ತಡವನ್ನು ಹಿಡಿದಿಟ್ಟಿರುವುದು ಮುಚ್ಚಳ. ಮುಚ್ಚಳ ತಿರುಗಿಸಿದ ಕ್ಷಣದಲ್ಲಿ ಒತ್ತಡ ಇಲ್ಲವಾಗುತ್ತದೆ. 100 ಡಿಗ್ರಿಗೆ ಕುದಿಯಬೇಕಾದ ನೀರು 115ರಲ್ಲಿದೆ! ಹೆಚ್ಚಿನ 15 ಡಿಗ್ರಿಯ ಶಾಖವೆಲ್ಲ ಒಮ್ಮೆಗೇ ಹಬೆಯಾಗಿ ಏಳುತ್ತದೆ. ಪ್ರತಿ ಲೀಟರಿಗೆ ಸುಮಾರು 28 ಗ್ರಾಂ ನೀರು ಹಬೆಯಾಗುತ್ತದೆ. 28 ಗ್ರಾಂ ಎಂದರೆ ಏನು ಮಹಾ ಎನ್ನಬೇಡಿ. ಅಷ್ಟು ಹಬೆ ಆಕ್ರಮಿಸುವ ಜಾಗ ಸುಮಾರು 47 ಲೀಟರ್. ಅದು ತನ್ನ ಮೇಲಿನ ಕುದಿನೀರನ್ನು ಎತ್ತಿಕೊಂಡು, ಮುಚ್ಚಳದ ಸಣ್ಣ ಬಾಯಿಂದ ಕಾರಂಜಿಯಾಗಿ ಚಿಮ್ಮುತ್ತದೆ. ಬಗ್ಗಿ ನೋಡುತ್ತಿರುವವರ ಮುಖ, ಕಣ್ಣು, ಕುತ್ತಿಗೆ ಅದರ ದಾರಿಯಲ್ಲಿಯೇ ಇರುತ್ತವೆ.

ಮುಚ್ಚಳವೇ ಹಾರಿ ಹೊಡೆಯುವುದೂ ಉಂಟು. ಒಳಬಾಯಿ 4 ಸೆಂಟಿಮೀಟರ್ ಅಗಲವೆಂದರೆ 0.9 ಬಾರಿನಲ್ಲಿ ಒಳಗಿನಿಂದ ತಳ್ಳುವ ಬಲ 11 ಕಿಲೋ ತೂಕಕ್ಕೂ ಹೆಚ್ಚು. ಕರವಸ್ತ್ರ ಇದನ್ನು ತಡೆಯಲಾರದು. ಹೊರಗೆ ಹಬೆ ಕಾಣುವುದಿಲ್ಲ ಎಂಬುದು ಒಳಗೆ ಎಲ್ಲ ತಣಿದಿದೆ ಎಂಬುದಕ್ಕೆ ಗುರುತಲ್ಲ; ಮುಚ್ಚಳ ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು. ಕೂಗು ನಿಂತ ಕೂಡಲೇ ಅಮ್ಮ ಕುಕ್ಕರಿನ ಮುಚ್ಚಳಕ್ಕೆ ಕೈ ಹಾಕುತ್ತಾರೆಯೇ? ಇಲ್ಲವಷ್ಟೆ. ಕಾರಿಗೂ ಅದೇ ನಿಯಮ.

ಒತ್ತಡಕ್ಕೂ ಕುದಿಗೂ ಇರುವ ಈ ನಂಟನ್ನು ಮನೆಯಲ್ಲಿಯೇ ನೋಡಬಹುದು. ಸೂಜಿ ಇಲ್ಲದ ಸಿರಿಂಜಿನಲ್ಲಿ ಕಾಲು ಭಾಗ ಬಿಸಿನೀರು ಎಳೆದು, ಒಳಗಿನ ಗಾಳಿಯನ್ನು ಹೊರಗೆ ತಳ್ಳಿ, ತುದಿಯನ್ನು ಬೆರಳಿಂದ ಮುಚ್ಚಿ ಹಿಡಿಯನ್ನು ಬಲವಾಗಿ ಹಿಂದಕ್ಕೆ ಎಳೆಯಬೇಕು. ಒಲೆಯ ಮೇಲಿಲ್ಲದ ನೀರು ಗುಳ್ಳೆಗುಳ್ಳೆಯಾಗಿ ಕುದಿಯುತ್ತದೆ! ನೀರು 60 ಡಿಗ್ರಿಯ ಆಸುಪಾಸಿನಲ್ಲಿ ಸಾಕು. ಅದೂ ಕೈ ಸುಡುವ ಬಿಸಿಯೇ. ಆದ್ದರಿಂದ ಸಿರಿಂಜು ಹಿರಿಯರ ಕೈಯಲ್ಲಿರಲಿ, ಕಣ್ಣು ಮಾತ್ರ ಮಕ್ಕಳದಿರಲಿ.

ಎತ್ತರ ಏರಿದಷ್ಟೂ

ಘಾಟಿ ಇನ್ನೊಂದು ರೀತಿಯಲ್ಲಿಯೂ ರೇಡಿಯೇಟರನ್ನು ಪರೀಕ್ಷೆ ಮಾಡುತ್ತದೆ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸ್ಥೂಲವಾಗಿ ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಒಂದು ಡಿಗ್ರಿ ಕಡಿಮೆ. ಆಗುಂಬೆಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಮಡಿಕೇರಿಯಲ್ಲಿ 96. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ 92, 93.

ನಮ್ಮ ಕಡೆಯ ಯುವಕರು ಈಗ ಲಡಾಖಿನವರೆಗೂ ವಾಹನ ಓಡಿಸಿಕೊಂಡು ಹೋಗುತ್ತಾರೆ. ಅಲ್ಲಿನ ಖಾರ್ದುಂಗ್ ಲಾ ಕಣಿವೆಮಾರ್ಗದ ಎತ್ತರ 5,359 ಮೀಟರ್. ಅಲ್ಲಿ ತೆರೆದ ನೀರು 82, 83 ಡಿಗ್ರಿಗೇ ಕುದಿಯುತ್ತದೆ. ಕಾರಿನ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಎಂಬ ಬಾಗಿಲೊಂದಿದೆ; ನೀರನ್ನು ರೇಡಿಯೇಟರಿನ ಕಡೆ ಬಿಡುವುದು ಅದೇ. ಅದು ಸಾಮಾನ್ಯವಾಗಿ ತೆರೆಯತೊಡಗುವುದೂ 82ರಿಂದ 88 ಡಿಗ್ರಿಯಲ್ಲಿ. ಅಂದರೆ ಸ್ಪ್ರಿಂಗಿನ ಮುಚ್ಚಳ ಇಲ್ಲದಿದ್ದರೆ, ಬರೀ ನೀರು ತುಂಬಿದ ಕಾರು ಅಲ್ಲಿ ಹದವಾಗಿ ಬಿಸಿಯಾಗುವ ಹೊತ್ತಿಗೇ ಕುದಿದು ನಿಲ್ಲುತ್ತಿತ್ತು. 0.9 ಬಾರ್ ಮುಚ್ಚಳವಿದ್ದರೆ ಅಲ್ಲಿಯೂ ಕುದಿಬಿಂದು 109 ಡಿಗ್ರಿಯವರೆಗೆ ನಿಲ್ಲುತ್ತದೆ.

ಬರೀ ನೀರಿನ ಬದಲು ಕೂಲೆಂಟ್ ಬೆರೆಸುವುದು ಇನ್ನೂ ಒಳ್ಳೆಯದು. ಎಥಿಲಿನ್ ಗ್ಲೈಕಾಲ್ ಎಂಬ ದ್ರವವನ್ನು ನೀರಿಗೆ ಸಮಪಾಲು ಸೇರಿಸಿದರೆ ಕುದಿಬಿಂದು, ಮುಚ್ಚಳದ ನೆರವಿಲ್ಲದೆಯೇ, ಸುಮಾರು 107 ಡಿಗ್ರಿ. ಅದರಲ್ಲಿ ಬೆರೆಸಿದ ರಾಸಾಯನಿಕಗಳು ತುಕ್ಕನ್ನೂ ತಡೆಯುತ್ತವೆ. ಒಂದು ಎಚ್ಚರಿಕೆ: ಇದು ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿಡುವ ಅಭ್ಯಾಸ ಬೇಡವೇ ಬೇಡ. ಮಕ್ಕಳಿಗೂ ನಾಯಿ, ದನಗಳಿಗೂ ಸಿಗದಂತೆ ಇಡಬೇಕು.

ಹೊರಡುವ ಮುನ್ನ, ನಿಂತ ಮೇಲೆ

ಪ್ರವಾಸ ಹೊರಡುವ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಐದು ನಿಮಿಷ ಸಾಕು. ಬಾಟಲಿಯಲ್ಲಿ ನೀರಿನ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ? ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದೆಯೇ? ಸುತ್ತ ಬಿಳಿ ಅಥವಾ ತುಕ್ಕಿನ ಕಲೆ ಇದೆಯೇ? ರಬ್ಬರ್ ಸವೆದ ಮುಚ್ಚಳ ಒತ್ತಡ ನಿಲ್ಲಿಸುವುದಿಲ್ಲ. ನೀರು ಬೇಗ ಕುದಿಯುತ್ತದೆ. ಹೊಸದು ಹಾಕುವಾಗ ಹಳೆಯದರ ಮೇಲಿದ್ದ ಅಂಕಿಯೇ ಇರಲಿ. ಹೆಚ್ಚಿನ ಅಂಕಿಯದು ಗಟ್ಟಿ ಎಂದು ಹಾಕಿದರೆ ಮುಚ್ಚಳ ಬಿಡುವ ಮೊದಲೇ ಹಳೆಯ ರಬ್ಬರ್ ಕೊಳವೆ ಒಡೆಯಬಹುದು. ಈಗಿನ ಅನೇಕ ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇಲ್ಲ. ಪಕ್ಕದ ಪ್ಲಾಸ್ಟಿಕ್ ತೊಟ್ಟಿಗೇ ತಿರುಪಿನ ಮುಚ್ಚಳ. ಅದರೊಳಗೂ ಅದೇ ಒತ್ತಡ ಎಂಬುದನ್ನು ಮರೆಯಬಾರದು.

ಘಾಟಿಯಲ್ಲಿ ಬಿಸಿಯ ಮುಳ್ಳು ಮೇಲೇರಿದರೆ ಮೊದಲು ಎ.ಸಿ. ನಿಲ್ಲಿಸಿ. ಹೀಟರ್ ಇದ್ದರೆ ಪೂರ್ತಿ ಹಾಕಿ, ಕಿಟಕಿ ತೆರೆಯಿರಿ. ಮೈಗೆ ಸೆಕೆಯಾದರೂ ಎಂಜಿನ್ನಿನ ಒಂದಿಷ್ಟು ಶಾಖ ಆ ದಾರಿಯಲ್ಲಿ ಹೊರಹೋಗುತ್ತದೆ. ಮುಳ್ಳು ಕೆಂಪು ಗೆರೆ ಮುಟ್ಟಿದರೆ, ಅಥವಾ ಹಬೆ ಕಂಡರೆ, ತಿರುವಿನಿಂದ ದೂರ, ಅಗಲವಾದ ಕಡೆ ನಿಲ್ಲಿಸಿ ಎಂಜಿನ್ ಆರಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಮಕ್ಕಳನ್ನು ರಸ್ತೆಯ ಬದಿಗೆ, ಬಾನೆಟ್ಟಿನಿಂದ ದೂರಕ್ಕೆ ಕಳಿಸಿ.

ಅರ್ಧ ಗಂಟೆಯಾದರೂ ಕಾಯಬೇಕು. ಮೇಲಿನ ರಬ್ಬರ್ ಕೊಳವೆ ಮುಟ್ಟುವಷ್ಟು ತಣಿದು, ಹಿಸುಕಿದರೆ ಮೆತ್ತಗಿರಬೇಕು. ಆಮೇಲೆ ದಪ್ಪ ಬಟ್ಟೆ ಮುಚ್ಚಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಮುಚ್ಚಳವನ್ನು ಮೊದಲ ಹಂತದವರೆಗೆ ಮಾತ್ರ ತಿರುಗಿಸಿ ನಿಲ್ಲಿಸಿ. ಉಳಿದ ಒತ್ತಡ ಹೊರಗೆ ಹೋಗಲಿ. ಸದ್ದು ನಿಂತ ಮೇಲೆ ಒತ್ತಿ ಪೂರ್ತಿ ತೆಗೆಯಿರಿ. ನೀರನ್ನು ನಿಧಾನವಾಗಿ ಹಾಕಿ. ಕಾದ ಎಂಜಿನ್ನಿಗೆ ತೊರೆಯ ತಣ್ಣೀರನ್ನು ಒಮ್ಮೆಗೇ ಸುರಿದರೆ ಲೋಹ ಬಿರಿಯುವ ಭಯವಿದೆ.

ಯಾರಿಗಾದರೂ ಸುಟ್ಟಿತು ಎನ್ನಿ. ಬಳೆ, ಉಂಗುರ, ವಾಚು ಕೂಡಲೇ ತೆಗೆದು, ಸುಟ್ಟ ಜಾಗಕ್ಕೆ ಶುಚಿಯಾದ ತಣ್ಣೀರನ್ನು 20 ನಿಮಿಷ ಬಿಡದೆ ಹಾಯಿಸಬೇಕು. ಮಂಜುಗಡ್ಡೆ ಬೇಡ. ಟೂತ್‌ಪೇಸ್ಟು, ಅರಿಸಿನ, ಶಾಯಿ ಯಾವುದೂ ಬೇಡ. ಗುಳ್ಳೆ ಒಡೆಯಬಾರದು. ಮುಖಕ್ಕೋ ಕಣ್ಣಿಗೋ ತಗಲಿದ್ದರೆ ನೀರು ಹಾಯಿಸುತ್ತಲೇ ವೈದ್ಯರ ಬಳಿಗೆ ಒಯ್ಯಬೇಕು.

ಆಗುಂಬೆಯಂಥ ಕಡೆ ಅರ್ಧ ಗಂಟೆ ಕಾಯುವುದು ಶಿಕ್ಷೆಯೇನೂ ಅಲ್ಲ. ಸೋಮೇಶ್ವರದ ಈ ಕಾಡು ಸಿಂಗಳೀಕಗಳ ನೆಲೆ. ಸುಮ್ಮನೆ ನಿಂತರೆ ಮರದ ತುದಿಯಲ್ಲಿ ಎಲೆ ಅಲುಗುವುದು, ಹಕ್ಕಿ ಕೂಗುವುದು, ಎಲ್ಲೋ ಕೆಳಗೆ ನೀರು ಹರಿಯುವುದು ಕೇಳುತ್ತದೆ. ವೇಗವಾಗಿ ಹೋಗುವವರಿಗೆ ಇವೊಂದೂ ದಕ್ಕುವುದಿಲ್ಲ. ತಂದೆ ತಾಯಿಯರು ಆ ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಕುಕ್ಕರಿನ ಕಥೆ ಹೇಳಲಿ. ಮಕ್ಕಳು 59 ಲಕ್ಷ ಜೂಲಿನ ಲೆಕ್ಕವನ್ನು ತಮ್ಮ ಕಾರಿನ ತೂಕಕ್ಕೆ ಹೊಂದಿಸಿ ಮತ್ತೆ ಮಾಡಲಿ. ಲೆಕ್ಕ ಮುಗಿಯುವ ಹೊತ್ತಿಗೆ ಮುಚ್ಚಳವೂ ತಣಿದಿರುತ್ತದೆ.